ಓಡುವ ಮಕ್ಕಳಿಗೆ ಕಾಲೇಜಿನ ಕರೆ: ಒಪ್ಪಿಕೊಳ್ಳುವ ಮುನ್ನ ಪೋಷಕರು ಕೇಳಬೇಕಾದ್ದು



ನಮ್ಮ ಟ್ರಸ್ಟಿಗೆ ಬರುವ ಅರ್ಜಿಗಳಲ್ಲಿ ಈಗೀಗ ಒಂದು ಸಾಲು ಕಾಣಿಸುತ್ತಿದೆ: "ಕ್ರೀಡಾ ಕೋಟಾದಲ್ಲಿ ಸೀಟು ಸಿಕ್ಕಿದೆ, ಫೀಸು ಇಲ್ಲ." ಇದನ್ನು ಓದಿದ ದಾನಿಯೊಬ್ಬರು, ಫೀಸೇ ಇಲ್ಲದ ಮಗುವಿಗೆ ನಾವು ಹಣ ಕೊಡುವುದು ಏಕೆ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದರೆ, ಕಾಲೇಜುಗಳು ಓಟಗಾರರನ್ನು ಹೇಗೆ ಕರೆಯುತ್ತವೆ, ಆ ಕರೆಯಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ.

ಕರೆ ಬರುವುದು ಹೇಗೆ?

ಕೊಡಗು ಎಂದರೆ ಎಲ್ಲರಿಗೂ ಹಾಕಿ ನೆನಪಾಗುತ್ತದೆ. ಓಟ ಎಂದರೆ ಅಶ್ವಿನಿ ನಾಚಪ್ಪ ಅವರ ಹೆಸರು ಬರುತ್ತದೆ. ಅವರದು ಕಡಿಮೆ ದೂರದ ವೇಗದ ಓಟ. ದೂರದ ಓಟದಲ್ಲೂ ನಮ್ಮವರಿದ್ದಾರೆ. 2023ರಲ್ಲಿ ಚೀನಾದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಪರ ಮ್ಯಾರಥಾನ್ ಓಡಿದ ಇಬ್ಬರಲ್ಲಿ ಒಬ್ಬರು ಅಪ್ಪಚಂಗಡ ಬೆಳ್ಳಿಯಪ್ಪ. ಏರು ತಗ್ಗಿನ ದಾರಿಯಲ್ಲಿ ಶಾಲೆಗೆ ನಡೆದು ಬೆಳೆದ ಮಕ್ಕಳಿಗೆ 1500, 3000, 5000 ಮೀಟರ್ ಓಟವೂ ಗುಡ್ಡಗಾಡು ಓಟವೂ ಒಗ್ಗುತ್ತವೆ. ಲೈನ್ ಮನೆಯ ಮಗುವೂ ಓಡಬಹುದಾದ ಆಟ ಇದು. ಹಾಕಿಗೆ ಸ್ಟಿಕ್ಕು ಬೇಕು, ಟರ್ಫ್ ಬೇಕು; ಇದಕ್ಕೆ ಒಂದು ಜೊತೆ ಒಳ್ಳೆಯ ಶೂ ಸಾಕು.

ಶಾಲೆಯ ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತವೆ. ಸಾಮಾನ್ಯವಾಗಿ ವಿಭಾಗ ಮಟ್ಟ ದಾಟಿದ ಮಗುವಿನ ಹೆಸರು ಕಾಲೇಜು ತರಬೇತುದಾರರ ಪುಸ್ತಕ ಸೇರುತ್ತದೆ. ಅವರು ಪಿ.ಟಿ. ಮೇಷ್ಟ್ರಿಗೆ ಫೋನ್ ಮಾಡುತ್ತಾರೆ, ಮೇಷ್ಟ್ರು ಮನೆಗೆ ಹೇಳುತ್ತಾರೆ. ಹತ್ತನೆಯ ತರಗತಿ ಮುಗಿದಾಗ ಒಮ್ಮೆ, ಪಿಯು ಮುಗಿದಾಗ ಇನ್ನೊಮ್ಮೆ, ಹೀಗೆ ಎರಡು ಸಲ ಕರೆ ಬರುತ್ತದೆ.

ಸರ್ಕಾರದ ದಾರಿಯೂ ಇದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕ್ರೀಡಾ ವಸತಿ ನಿಲಯಗಳನ್ನು ನಡೆಸುತ್ತದೆ. ನಮ್ಮ ಜಿಲ್ಲೆಯಲ್ಲೇ ಕೂಡಿಗೆಯಲ್ಲಿ ಕ್ರೀಡಾ ಶಾಲೆ ಇದೆ. ಅಲ್ಲಿಗೆ ಸೇರಲು ಆಯ್ಕೆ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತದೆ.

ಖಾಸಗಿ ಕಾಲೇಜುಗಳಲ್ಲಿ ನಮ್ಮ ಕಡೆಯವರಿಗೆ ಹೆಚ್ಚು ಪರಿಚಿತವಾದದ್ದು ಸಂಪಾಜೆ ಘಾಟಿ ಇಳಿದರೆ ಸಿಗುವ ದಕ್ಷಿಣ ಕನ್ನಡದ ಕಾಲೇಜುಗಳು. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ಪಡೆದು ಶಿಕ್ಷಣ, ಊಟ, ವಸತಿ ಕೊಡುವ ಯೋಜನೆಗೆ ದೇಶದಲ್ಲೇ ಹೆಸರಾಗಿದೆ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ ಮೂಡುಬಿದಿರೆಯಲ್ಲೇ ನಡೆದು ಮಂಗಳೂರು ವಿಶ್ವವಿದ್ಯಾಲಯ ಸಮಗ್ರ ಪ್ರಶಸ್ತಿ ಗೆದ್ದಿತು. ಉತ್ತರ ಪ್ರದೇಶದಂಥ ದೂರದ ರಾಜ್ಯಗಳ ಓಟಗಾರರೂ ಆ ವಿಶ್ವವಿದ್ಯಾಲಯದ ತಂಡದಲ್ಲಿದ್ದರು. ಅಂದರೆ ಸುಂಟಿಕೊಪ್ಪದ ಅಥವಾ ನಾಪೋಕ್ಲುವಿನ ಮಗು ಅಲ್ಲಿ ಪೈಪೋಟಿ ಮಾಡಬೇಕಾದದ್ದು ಇಡೀ ದೇಶದವರ ಜೊತೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಮೊದಲು ನಮ್ಮ ಜಿಲ್ಲೆಯ ಕಾಲೇಜುಗಳೂ ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2023ರಿಂದ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಪ್ರತ್ಯೇಕವಾಗಿ ನಡೆಯುತ್ತಿದೆ. ದೊಡ್ಡ ತಂಡ ಸೇರಿದರೆ ತರಬೇತಿ ಚೆನ್ನಾಗಿರುತ್ತದೆ, ಆದರೆ ಓಡುವ ಅವಕಾಶಕ್ಕೆ ಸಾಲಿನಲ್ಲಿ ನಿಲ್ಲಬೇಕು. ಸಣ್ಣ ವಿಶ್ವವಿದ್ಯಾಲಯದಲ್ಲಿ ತಂಡಕ್ಕೆ ಆಯ್ಕೆಯಾಗುವುದು ಅಷ್ಟು ಕಷ್ಟವಲ್ಲ. ವಿಶ್ವವಿದ್ಯಾಲಯದ ಪರವಾಗಿ ಓಡಿದ ಪ್ರಮಾಣಪತ್ರಕ್ಕೆ (ನಮೂನೆ 3) ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ಕೆಲಸಗಳಲ್ಲಿ ಬೆಲೆ ಇದೆ. ಆದ್ದರಿಂದ ಹೆಸರು ದೊಡ್ಡದೋ ಚಿಕ್ಕದೋ ಎಂಬುದನ್ನಷ್ಟೇ ನೋಡದೆ, ನಮ್ಮ ಮಗುವಿಗೆ ಅಲ್ಲಿ ಓಡಲು ಸಿಗುತ್ತದೆಯೇ ಎಂದೂ ಕೇಳಬೇಕು.

"ಉಚಿತ" ಎಂಬ ಮಾತಿನೊಳಗೆ

ನಮ್ಮಲ್ಲಿ ಬಹುಪಾಲು ಒಪ್ಪಂದಗಳು ಬಾಯಿಮಾತಿನವು. "ಎಲ್ಲಾ ಫ್ರೀ, ನೀವು ಮಗುವನ್ನು ಕಳಿಸಿ ಸಾಕು" ಎಂದು ತರಬೇತುದಾರರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಫೀಸು ಮನ್ನಾ ಮಾಡುವ ಅಧಿಕಾರ ಅವರದಲ್ಲ, ಆಡಳಿತ ಮಂಡಳಿಯದು. ಅವರೇ ಬೇರೆ ಕಡೆ ಹೋದರೆ ಆ ಮಾತಿಗೆ ವಾರಸುದಾರರಿಲ್ಲ.

ಬೋಧನಾ ಶುಲ್ಕ ಬೇರೆ, ವಿಶ್ವವಿದ್ಯಾಲಯದ ನೋಂದಣಿ ಮತ್ತು ಪರೀಕ್ಷಾ ಶುಲ್ಕ ಬೇರೆ, ಹಾಸ್ಟೆಲ್ ಬೇರೆ, ಮೆಸ್ ಬೇರೆ. ಶೂ, ಸ್ಪೈಕ್ಸ್, ಕೂಟಗಳಿಗೆ ಹೋಗುವ ರೈಲು ಚಾರ್ಜು, ಮೊಟ್ಟೆ, ಹಾಲು, ಹಣ್ಣು, ಔಷಧಿ ಇವೂ ಇವೆ. ದಿನವೂ ಓಡುವವರ ಶೂ ಕೆಲವೇ ತಿಂಗಳಲ್ಲಿ ಸವೆಯುತ್ತದೆ. "ಫೀಸು ಇಲ್ಲ" ಎಂದಾಗ ಇವುಗಳಲ್ಲಿ ಯಾವುದು ಇಲ್ಲ ಎಂದು ತಿಳಿದಿರಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಲಾವಧಿ. ಪದವಿಗೆ ಮೂರು ವರ್ಷ ಬೇಕು. ಮನ್ನಾ ಎಷ್ಟೋ ಕಡೆ ವರ್ಷ ವರ್ಷ ನವೀಕರಣವಾಗುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳು 3000 ಮೀಟರ್‌ನಲ್ಲಿ ಒಳ್ಳೆಯ ಓಟಗಾರ್ತಿ. ಹೊರಜಿಲ್ಲೆಯ ಒಂದು ಕಾಲೇಜು ಅವಳನ್ನು ಉಚಿತವಾಗಿ ಸೇರಿಸಿಕೊಂಡಿತು. ಎರಡನೆಯ ವರ್ಷ ಮೊಣಕಾಲ ಕೆಳಗಿನ ಮೂಳೆಯಲ್ಲಿ ಬಿರುಕು ಬಂತು, ಆ ಋತುವಿನಲ್ಲಿ ಓಡಲಾಗಲಿಲ್ಲ. ಮೂರನೆಯ ವರ್ಷ ಹಾಸ್ಟೆಲಿನ ಪೂರ್ತಿ ಹಣ ಕಟ್ಟಬೇಕೆಂಬ ಚೀಟಿ ಬಂತು. ತೋಟದ ಕೂಲಿಯಲ್ಲಿ ಬದುಕುವ ಮನೆ. ತಂದೆ ಕೇಳಲು ಹೋದರೆ ತೋರಿಸಲು ಒಂದು ಕಾಗದವೂ ಇರಲಿಲ್ಲ. ಕಾಲೇಜು ಸುಳ್ಳು ಹೇಳಿತೆಂದು ನಾನು ಹೇಳಲಾರೆ. ಮೊದಲ ವರ್ಷದ ಮಾತನ್ನು ಅವರು ಉಳಿಸಿಕೊಂಡಿದ್ದರು; ಮೂರನೆಯ ವರ್ಷದ ಮಾತನ್ನು ಯಾರೂ ಆಡಿರಲೇ ಇಲ್ಲ.

ದೂರದ ಓಟಕ್ಕೆ ಈ ಎಚ್ಚರ ಹೆಚ್ಚು ಬೇಕು

ವಾರಕ್ಕೆ ಹತ್ತಾರು ಕಿಲೋಮೀಟರ್ ಓಡುವ ಎಳೆಯ ಮೂಳೆಗೆ ಸಣ್ಣ ಬಿರುಕು ಬರುವುದು ಅಪರೂಪವಲ್ಲ. ಒಮ್ಮೆಲೇ ಓಟ ಹೆಚ್ಚಿಸಿದಾಗ, ಊಟ ಸಾಲದಾದಾಗ ಅದು ಬರುತ್ತದೆ. ವಾರಗಟ್ಟಲೆ ವಿಶ್ರಾಂತಿ ಬಿಟ್ಟರೆ ಬೇರೆ ಮದ್ದಿಲ್ಲ. ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯ. ಎರಡು ಮೂರು ತಿಂಗಳು ಮುಟ್ಟು ನಿಂತರೆ ಅದನ್ನು ತರಬೇತಿಯ ಸಹಜ ಫಲ ಎಂದು ಬಿಡಬಾರದು, ವೈದ್ಯರಿಗೆ ತೋರಿಸಬೇಕು. ಇದನ್ನು ತಾಯಂದಿರು ಸಂಕೋಚವಿಲ್ಲದೆ ಮಗಳೊಡನೆ ಮಾತಾಡಬೇಕು.

ಇನ್ನೊಂದು ಮಾತು. ದೂರದ ಓಟಗಾರರು ಹಣ್ಣಾಗುವುದು ಇಪ್ಪತ್ತು ದಾಟಿದ ಮೇಲೆ. ಹದಿನೇಳರಲ್ಲಿ ಗೆಲ್ಲಿಸುವ ಆತುರದಲ್ಲಿ ಕೊಡುವ "ಶಕ್ತಿ ಬರುವ" ಇಂಜೆಕ್ಷನ್ನು, ಹೆಸರಿಲ್ಲದ ಪುಡಿ ಯಾವುದನ್ನೂ ಮಗು ತೆಗೆದುಕೊಳ್ಳಬಾರದು. ಉದ್ದೀಪನ ಮದ್ದು ಪತ್ತೆಯಾದರೆ ವರ್ಷಗಟ್ಟಲೆ ನಿಷೇಧ ಬೀಳುವುದು ಮಗುವಿನ ಮೇಲೆ. ವಯಸ್ಸು ತಿದ್ದಿದ ಜನನ ಪ್ರಮಾಣಪತ್ರವೂ ಹಾಗೆಯೇ. ಯಾರೇ ಸಲಹೆ ಕೊಟ್ಟರೂ ಬೇಡ.

ಕೇಳಬೇಕಾದ ಏಳು ಪ್ರಶ್ನೆಗಳು

1. ಯಾವ ಯಾವ ಶುಲ್ಕ ಮನ್ನಾ? ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪ್ರಾಂಶುಪಾಲರ ಸಹಿಯೊಡನೆ ಒಂದೊಂದಾಗಿ ಬರೆದು ಕೊಡುತ್ತಾರೆಯೇ?

2. ಎಷ್ಟು ವರ್ಷಕ್ಕೆ? ನವೀಕರಣಕ್ಕೆ ಇಂಥ ಸ್ಥಾನ, ಇಷ್ಟು ಸಮಯ ಎಂಬ ಷರತ್ತು ಇದೆಯೇ?

3. ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು? ಓಡಲಾಗದ ವರ್ಷವೂ ಸೌಲಭ್ಯ ಮುಂದುವರಿಯುತ್ತದೆಯೇ?

4. ಮಗು ಕೇಳಿದ ವಿಷಯವನ್ನೇ ಓದಬಹುದೇ? ಪ್ರಯೋಗಾಲಯದ ಹೊತ್ತಿಗೇ ಅಭ್ಯಾಸ ಇದೆಯೆಂದು ವಿಜ್ಞಾನ ಬೇಡ ಎನ್ನುತ್ತಾರೆಯೇ? ಕೂಟಕ್ಕೆ ಹೋದ ದಿನಗಳ ಹಾಜರಾತಿ, ತಪ್ಪಿದ ಪರೀಕ್ಷೆಗೆ ಏನು ವ್ಯವಸ್ಥೆ?

5. ದೂರದ ಓಟಕ್ಕೆಂದೇ ತರಬೇತುದಾರರು ಇದ್ದಾರೆಯೇ? ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಯಾರು, ಬೆಳಗಿನ ಜಾವದ ಓಟಕ್ಕೆ ಜೊತೆಗೆ ಯಾರು ಬರುತ್ತಾರೆ?

6. ಮೆಸ್ಸಿನ ಊಟ ಹೇಗೆ? ರಂಜಾನ್‌ನಲ್ಲಿ ಸಹರಿ, ಇಫ್ತಾರಿಗೆ ಹೊಂದುವಂತೆ ಅಭ್ಯಾಸದ ಸಮಯ ಬದಲಿಸುತ್ತಾರೆಯೇ? ಮೈ ಮುಚ್ಚುವ ಉಡುಪಿನಲ್ಲಿ ಓಡಲು ಅಭ್ಯಂತರ ಇದೆಯೇ? ಸೇರಿದ ಮೇಲೆ ಜಗಳವಾಗುವ ಬದಲು ಸೇರುವ ಮೊದಲೇ ನಗುನಗುತ್ತಾ ಕೇಳಿಬಿಡುವುದು ಲೇಸು.

7. ಬಿಟ್ಟು ಹೋಗಬೇಕಾದರೆ ಏನು? ಮನ್ನಾ ಮಾಡಿದ ಹಣವನ್ನು ವಾಪಸು ಕೇಳುತ್ತಾರೆಯೇ?

ಏಳನೆಯ ಪ್ರಶ್ನೆಗೆ ಸಂಬಂಧಿಸಿ ಒಂದು ನಿಯಮ ತಿಳಿದಿರಲಿ. 2018ರ ಯುಜಿಸಿ ಅಧಿಸೂಚನೆಯ ಪ್ರಕಾರ ಪದವಿ ಕಾಲೇಜುಗಳು ಮೂಲ ಅಂಕಪಟ್ಟಿ, ಟಿ.ಸಿ. ಮೊದಲಾದವನ್ನು ಪರಿಶೀಲಿಸಿ ಹಿಂದಿರುಗಿಸಬೇಕು, ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ. ಪಿಯು ಕಾಲೇಜು ಯುಜಿಸಿ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಮೂಲ ದಾಖಲೆ ಕೊಟ್ಟರೆ ಸ್ವೀಕೃತಿ ಪತ್ರ ಪಡೆಯಿರಿ.

ಇಷ್ಟೆಲ್ಲ ಕೇಳಿದರೆ ಸೀಟು ತಪ್ಪೀತೇ ಎಂಬ ಅಂಜಿಕೆ ಹಲವರಿಗಿದೆ. ಒಳ್ಳೆಯ ಕಾಲೇಜು ಪ್ರಶ್ನೆಗೆ ಬೇಸರಿಸುವುದಿಲ್ಲ. ಬರೆದು ಕೊಡಲು ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಸಮುದ್ರದಾಚೆಯ ಕರೆ

ಮೊಬೈಲಿನಲ್ಲಿ "ಅಮೆರಿಕದಲ್ಲಿ ಓಟಗಾರರಿಗೆ ಪೂರ್ಣ ವಿದ್ಯಾರ್ಥಿವೇತನ" ಎಂಬ ಜಾಹೀರಾತು ನೋಡಿ ಕೇಳುವವರೂ ಇದ್ದಾರೆ. ಇದು ಪೂರ್ತಿ ಸುಳ್ಳಲ್ಲ. ದೆಹಲಿಯ ಎತ್ತರ ಜಿಗಿತಗಾರ ತೇಜಸ್ವಿನ್ ಶಂಕರ್ 2017ರಲ್ಲಿ ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿವೇತನದ ಮೇಲೆ ಹೋಗಿ ಮರುವರ್ಷವೇ ಅಲ್ಲಿನ ಕಾಲೇಜು ಚಾಂಪಿಯನ್ ಆದರು. ಕ್ಯಾಲಿಫೋರ್ನಿಯಾದ ಪೆಪರ್‌ಡೈನ್ ವಿಶ್ವವಿದ್ಯಾಲಯದಲ್ಲಿ ಓದುತ್ತಾ ಓಡುತ್ತಿದ್ದ ಸಾರಾ ಅತ್ತಾರ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸೌದಿ ಅರೇಬಿಯಾದ ಪರವಾಗಿ ತಲೆ, ಮೈ ಮುಚ್ಚಿದ ಉಡುಪಿನಲ್ಲಿ 800 ಮೀಟರ್ ಓಡಿದರು.

ಅಲ್ಲಿನ ಪದ್ಧತಿಯಲ್ಲಿ ನಾವು ಕಲಿಯಬೇಕಾದ ಒಂದು ಗುಣ ಇದೆ: ಎಲ್ಲವೂ ಕಾಗದದಲ್ಲಿ. 1964ರಿಂದ ಅಲ್ಲಿ "ರಾಷ್ಟ್ರೀಯ ಒಪ್ಪಿಗೆ ಪತ್ರ" ಎಂಬ ವ್ಯವಸ್ಥೆ ಇತ್ತು. ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳು ಸಹಿ ಹಾಕುವ ದಿನ ಮನೆಯವರು, ಶಾಲೆಯವರು ಸೇರಿ ಸಂಭ್ರಮಿಸುತ್ತಿದ್ದರು. 2024ರ ಅಕ್ಟೋಬರ್‌ನಲ್ಲಿ ಆ ಪತ್ರವನ್ನು ಕೈಬಿಟ್ಟರು. ಈಗ ಕಾಲೇಜು ಕೊಡುವ ಹಣಕಾಸು ನೆರವಿನ ಒಪ್ಪಂದವೇ ದಾಖಲೆ. ಎಷ್ಟು ಹಣ, ಎಷ್ಟು ಕಾಲ ಎಂಬುದು ಅದರಲ್ಲಿರುತ್ತದೆ. ಒಮ್ಮೆ ಸಹಿ ಮಾಡಿದರೆ ಬೇರೆ ಕಾಲೇಜು ಆ ಮಗುವನ್ನು ಸೆಳೆಯುವಂತಿಲ್ಲ. ಗಾಯವಾಯಿತೆಂದು, ಓಟ ಕುಗ್ಗಿತೆಂದು ನೆರವು ನಿಲ್ಲಿಸಬಾರದೆಂದು ಅಲ್ಲಿನ ಐದು ದೊಡ್ಡ ಕಾಲೇಜು ಒಕ್ಕೂಟಗಳು 2015ರಲ್ಲೇ ನಿಯಮ ಮಾಡಿಕೊಂಡವು. ನಮ್ಮ ಮೂರನೆಯ ಪ್ರಶ್ನೆಗೆ ಅವರು ಲಿಖಿತ ಉತ್ತರ ಕೊಟ್ಟಿದ್ದಾರೆ ಎಂದಾಯಿತು.

ಆದರೆ ಪೂರ್ಣ ವೇತನ ಕೆಲವರಿಗಷ್ಟೇ. ಮೂರನೆಯ ದರ್ಜೆಯ (ಡಿವಿಷನ್ 3) ಕಾಲೇಜುಗಳೂ ಹಾರ್ವರ್ಡ್‌ನಂಥ ಐವಿ ಲೀಗ್ ಸಂಸ್ಥೆಗಳೂ ಕ್ರೀಡೆಗೆಂದು ವೇತನವನ್ನೇ ಕೊಡುವುದಿಲ್ಲ. ಸೀಟು ಕೊಡಿಸುತ್ತೇವೆಂದು ಲಕ್ಷಗಟ್ಟಲೆ ಕೇಳುವ ಏಜೆಂಟರಿಂದ ದೂರವಿರಿ. ಸಿಗುವ ವಿದ್ಯಾರ್ಥಿವೇತನದಲ್ಲಿ ಪಾಲು ಕೇಳುವುದು ಅಲ್ಲಿನ ನಿಯಮಕ್ಕೇ ವಿರುದ್ಧ.

ದೂರದ ಓಟಗಾರರಿಗೆ ಅಲ್ಲಿನ ಬಾಗಿಲು ತೆರೆದವರಲ್ಲಿ ಕೀನ್ಯಾದ ಹೆನ್ರಿ ರೋನೊ ಒಬ್ಬರು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿ 1978ರಲ್ಲಿ 81 ದಿನಗಳಲ್ಲಿ ನಾಲ್ಕು ವಿಶ್ವದಾಖಲೆ ಮಾಡಿದರು. ಅದೇ ರೋನೊ ಓಟ ನಿಂತ ಮೇಲೆ ಕುಡಿತದ ಚಟದಿಂದಲೂ ಬಡತನದಿಂದಲೂ ಬಹಳ ಕಷ್ಟಪಟ್ಟರು. ವಿಶ್ವದಾಖಲೆ ಮಾಡಿದವರ ಗತಿಯೇ ಹೀಗಾದರೆ, ಜಿಲ್ಲಾ ಮಟ್ಟದ ಮಗುವಿಗೆ ಓಟದ ಜೊತೆ ಪದವಿ ಕೈಯಲ್ಲಿರಬೇಕಾದದ್ದು ಎಷ್ಟು ಅಗತ್ಯ ಎಂದು ಯೋಚಿಸಿ.

ದಾನಿಗಳಿಗೆ ಉತ್ತರ, ಅರ್ಜಿದಾರರಿಗೆ ಸೂಚನೆ

ಕಾಲೇಜು ಕೊಡುವುದು ಮಗುವಿನ ಓಟಕ್ಕೆ. ನಮ್ಮ ಟ್ರಸ್ಟ್ ಕೊಡಬೇಕಾದದ್ದು ಮಗುವಿನ ಓದಿಗೆ. ಕಾಲು ನೋಯುವ ವರ್ಷ ಕಾಲೇಜಿನ ಹಣ ನಿಲ್ಲಬಹುದು. ಆ ವರ್ಷವೇ ನಮ್ಮ ಹಣ ಹೆಚ್ಚು ಬೇಕಾಗುತ್ತದೆ. ಆದ್ದರಿಂದ ಕ್ರೀಡಾ ಸೀಟು ಸಿಕ್ಕಿದ ಮಗುವನ್ನು ಪಟ್ಟಿಯಿಂದ ಕೈಬಿಡದೆ, ಕಾಲೇಜು ಕೊಡದ ಬಾಬ್ತಿಗೆ ಮಾತ್ರ ನೆರವು ಕೊಟ್ಟು, ಗಾಯದ ವರ್ಷಕ್ಕೆ ಪೂರ್ತಿ ನೆರವನ್ನು ಪರಿಗಣಿಸಬೇಕೆಂಬುದು ನನ್ನ ವಿನಂತಿ. ಇದರಿಂದ ದಾನಿಗಳ ಹಣ ಎರಡು ಸಲ ಖರ್ಚಾಗುವುದಿಲ್ಲ, ಮಗುವಿನ ಪದವಿಯೂ ಅರ್ಧಕ್ಕೆ ನಿಲ್ಲುವುದಿಲ್ಲ.

ಕ್ರೀಡಾ ಸೀಟು ಪಡೆದ ಅರ್ಜಿದಾರರು ಇವಿಷ್ಟನ್ನು ಲಗತ್ತಿಸಿರಿ: ಕಾಲೇಜಿನ ಮನ್ನಾ ಪತ್ರದ ಪ್ರತಿ, ಮನೆಯವರೇ ಕಟ್ಟಬೇಕಾದ ಶುಲ್ಕಗಳ ವಿವರ, ಹಿಂದಿನ ತರಗತಿಯ ಅಂಕಪಟ್ಟಿ, ಶಾಲಾ ಶಿಕ್ಷಣ ಇಲಾಖೆ ಅಥವಾ ಮಾನ್ಯತೆ ಪಡೆದ ಅಥ್ಲೆಟಿಕ್ಸ್ ಸಂಸ್ಥೆ ನಡೆಸಿದ ಕೂಟದ ಪ್ರಮಾಣಪತ್ರ. ಊರ ಹಬ್ಬದ ಮ್ಯಾರಥಾನ್ ಬಹುಮಾನ ಸಂತೋಷವೇ, ಆದರೆ ಕ್ರೀಡಾ ಕೋಟಾಕ್ಕೆ ಅದು ನಡೆಯುವುದಿಲ್ಲ. ಪ್ರಮಾಣಪತ್ರಗಳಲ್ಲಿ ಹೆಸರು, ಇನಿಶಿಯಲ್, ಹುಟ್ಟಿದ ದಿನಾಂಕ ಅಂಕಪಟ್ಟಿಯಲ್ಲಿರುವಂತೆಯೇ ಇವೆಯೇ ಎಂದು ಇಂದೇ ನೋಡಿಕೊಳ್ಳಿ. ತಿದ್ದುಪಡಿಗೆ ತಿಂಗಳುಗಳು ಹಿಡಿಯುತ್ತವೆ.

ಕಾಲೇಜಿನಿಂದ ಪತ್ರ ಬಂದು ಅರ್ಥವಾಗದಿದ್ದರೆ ಸಹಿ ಮಾಡುವ ಮೊದಲು ಟ್ರಸ್ಟ್ ಕಚೇರಿಗೆ ತನ್ನಿ. ಕೂತು ಒಟ್ಟಿಗೆ ಓದೋಣ.