ನೀರಿನ ಗೆರೆ, ಮನೆಯ ಬೆಲೆ: ಕತ್ರೀನಾ ಚಂಡಮಾರುತದ ನಂತರದ ಹಾನಿ ಮೌಲ್ಯಮಾಪನ

ಚಂಡಮಾರುತದ ನೆರೆಗೆ ಸಿಲುಕಿದ ಮನೆಯ ಹಾನಿಯನ್ನು ಅಳೆಯುವುದು ಮೇಲ್ನೋಟಕ್ಕೆ ತಾಂತ್ರಿಕ ಕಾರ್ಯ. 2005ರ ಆಗಸ್ಟ್ 29ರಂದು ಅಮೆರಿಕದ ಮೆಕ್ಸಿಕೊ ಕೊಲ್ಲಿಯ ಕರಾವಳಿಯನ್ನು ಅಪ್ಪಳಿಸಿದ ಕತ್ರೀನಾ ಚಂಡಮಾರುತದ ನಂತರ ನಡೆದ ಮೌಲ್ಯಮಾಪನವಾದರೋ, ಯಾರು ಹಣ ತೆರಬೇಕು, ಯಾರು ತಮ್ಮ ಮನೆಗೆ ಮರಳಬಲ್ಲರು ಎಂಬ ಪ್ರಶ್ನೆಗಳನ್ನೂ ನಿರ್ಣಯಿಸಿತು.

ನ್ಯೂ ಆರ್ಲಿಯನ್ಸ್ ನಗರದಲ್ಲಿ ಕಾಲುವೆಗಳ ತಡೆಗೋಡೆಗಳು ಒಡೆದು ನಗರದ ಸುಮಾರು ಶೇ. 80 ಭಾಗ ಜಲಾವೃತವಾಯಿತು. ಅನೇಕ ಬಡಾವಣೆಗಳಲ್ಲಿ ನೀರು ವಾರಗಟ್ಟಲೆ ನಿಂತಿತು. ಪರಿಶೀಲಕರು ಮೊದಲು ಹುಡುಕುವುದು ನೀರಿನ ಗೆರೆಯನ್ನು. ಇಲ್ಲಿ ಒಂದು ಎಚ್ಚರ ಅಗತ್ಯ. ಎದ್ದು ಕಾಣುವ ಗೆರೆಯು ನೀರು ದೀರ್ಘಕಾಲ ನಿಂತ ಮಟ್ಟವನ್ನು ಸೂಚಿಸುತ್ತದೆಯೇ ಹೊರತು ಅದು ಏರಿದ ಗರಿಷ್ಠ ಮಟ್ಟವನ್ನಲ್ಲ. ಗರಿಷ್ಠ ಮಟ್ಟದ ಗುರುತು ಅದಕ್ಕಿಂತ ಮೇಲೆ, ಮಸುಕಾಗಿ ಉಳಿದಿರಬಹುದು. ಹೊರಗೋಡೆಯ ಗುರುತನ್ನು ಅಲೆಗಳು ಎತ್ತರಿಸಿರುವ ಸಂಭವವಿರುವುದರಿಂದ ಒಳಗೋಡೆಯ ಗುರುತಿಗೆ ಹೆಚ್ಚಿನ ಪ್ರಾಮಾಣ್ಯ. ಗೆರೆಯ ಕೆಳಗಿನದಷ್ಟೇ ಹಾಳಾಗಿದೆಯೆಂದು ಭಾವಿಸುವಂತೆಯೂ ಇಲ್ಲ. ಜಿಪ್ಸಂ ಹಲಗೆಯು ದೀಪದ ಬತ್ತಿಯಂತೆ ನೀರನ್ನು ಮೇಲಕ್ಕೆ ಹೀರುತ್ತದೆ. ಬೂಸು ಚಾವಣಿಯವರೆಗೂ ಹಬ್ಬುತ್ತದೆ. ಉಪ್ಪುನೀರು ತಾಕಿದ ವಿದ್ಯುತ್ ತಂತಿಗಳು ಒಣಗಿದ ಮೇಲೂ ತುಕ್ಕು ಹಿಡಿಯುತ್ತಲೇ ಇರುತ್ತವೆ. ಕಂಬಗಳ ಮೇಲೆ ನಿಂತ, ಸೈಪ್ರೆಸ್ ಮರದ ಹಳೆಯ ಮನೆಗಳು ನೆಲಕ್ಕೆ ಅಂಟಿದ ಕಾಂಕ್ರೀಟ್ ಹಾಸಿನ ಮೇಲೆ ಕಟ್ಟಿದ ಹೊಸ ಮನೆಗಳಿಗಿಂತ ನೀರನ್ನು ಚೆನ್ನಾಗಿ ತಾಳಿಕೊಳ್ಳಬಲ್ಲವು.

ಮಿಸಿಸಿಪಿ ರಾಜ್ಯದ ಕರಾವಳಿಯ ಸ್ಥಿತಿ ಬೇರೆಯೇ ಆಗಿತ್ತು. ಪಾಸ್ ಕ್ರಿಶ್ಚಿಯನ್ ಪಟ್ಟಣದ ಬಳಿ ಸಮುದ್ರವು ಸುಮಾರು 8.5 ಮೀಟರ್ ಎತ್ತರಕ್ಕೆ ಉಕ್ಕಿತು. ಹಲವೆಡೆ ಕಾಂಕ್ರೀಟ್ ಹಾಸಿನ ಹೊರತು ಏನೂ ಉಳಿಯಲಿಲ್ಲ. ಗೋಡೆಯೇ ಇಲ್ಲದಲ್ಲಿ ಗೆರೆಯನ್ನು ಹುಡುಕುವುದೆಲ್ಲಿ? ಮನೆಯನ್ನು ಮೊದಲು ಕೆಡವಿದ್ದು ಗಾಳಿಯೋ ನೀರೋ ಎಂಬುದು ವಿವಾದವಾಯಿತು. ಸಾಮಾನ್ಯ ಗೃಹವಿಮೆಯು ಗಾಳಿಯ ಹಾನಿಯನ್ನು ಭರಿಸುತ್ತಿತ್ತು, ನೆರೆಯನ್ನಲ್ಲ. ನೆರೆಗೆ 1968ರ ಕಾಯ್ದೆಯಡಿ ಸ್ಥಾಪಿತವಾದ ಒಕ್ಕೂಟ ಸರ್ಕಾರದ ವಿಮಾ ಯೋಜನೆಯಿತ್ತು. ಆದರೆ ಅದನ್ನೂ ಬಹುಪಾಲು ಖಾಸಗಿ ಕಂಪನಿಗಳೇ ಮಾರಿ, ನಷ್ಟವನ್ನೂ ತಾವೇ ನಿರ್ಧರಿಸುತ್ತಿದ್ದವು. ಒಂದೇ ಕಂಪನಿಯ ಸರ್ವೇಯರು ‘ಗಾಳಿ’ ಎಂದರೆ ಕಂಪನಿಯ ಹಣ, ‘ನೀರು’ ಎಂದರೆ ಸರ್ಕಾರದ ಹಣ. ಇಂಥ ಏರ್ಪಾಡಿನಲ್ಲಿ ಸಂದೇಹ ಹುಟ್ಟದಿದ್ದರೆ ಅದೇ ಆಶ್ಚರ್ಯ. ಗಾಳಿಯ ಹಾನಿಯನ್ನು ನೆರೆಯ ಲೆಕ್ಕಕ್ಕೆ ಸೇರಿಸಿದ ಒಂದು ಪ್ರಕರಣದಲ್ಲಿ 2013ರಲ್ಲಿ ಮಿಸಿಸಿಪಿಯ ಜ್ಯೂರಿಯು ವಿಮಾ ಕಂಪನಿಯ ವಿರುದ್ಧ ತೀರ್ಪಿತ್ತಿತು; 2016ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಕಂಪನಿಯ ಮೇಲ್ಮನವಿಯನ್ನು ಮನ್ನಿಸಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದುದು ‘ಗಣನೀಯ ಹಾನಿ’ಯ ನಿಯಮ. ಮನೆಯನ್ನು ಪೂರ್ವಸ್ಥಿತಿಗೆ ತರುವ ವೆಚ್ಚವು ಹಾನಿಗೆ ಮುಂಚಿನ ಕಟ್ಟಡದ ಮಾರುಕಟ್ಟೆ ಬೆಲೆಯ ಶೇ. 50ನ್ನು ಮುಟ್ಟಿದರೆ ಅಥವಾ ಮೀರಿದರೆ, ನೆರೆವಲಯದಲ್ಲಿ ಅದನ್ನು ನಿಗದಿತ ಮಟ್ಟಕ್ಕೆ ಎತ್ತರಿಸಿಯೇ ಕಟ್ಟಬೇಕು. ಇದರ ಉದ್ದೇಶ ಉತ್ತಮವೇ. ಆದರೆ ಒಂದೇ ಬಗೆಯ ಹಾನಿಗೆ 60,000 ಡಾಲರ್ ದುರಸ್ತಿ ವೆಚ್ಚವೆಂದು ಊಹಿಸಿದರೆ, 1,50,000 ಡಾಲರಿನ ಮನೆಗೆ ಅದು ಶೇ. 40, 1,00,000 ಡಾಲರಿನ ಮನೆಗೆ ಶೇ. 60. ಬಡವನ ಮನೆಯೇ ಮೊದಲು ಗೆರೆ ದಾಟುತ್ತದೆ. ಎತ್ತರಿಸುವ ವೆಚ್ಚಕ್ಕೆಂದು ನೆರೆವಿಮೆಯಿಂದ ದೊರೆಯುತ್ತಿದ್ದ ಹೆಚ್ಚುವರಿ ನೆರವಿನ ಮಿತಿ 30,000 ಡಾಲರ್. ವಿಮೆಯಿಲ್ಲದವರಿಗೆ ಅದೂ ಇಲ್ಲ. ಹೀಗಾಗಿ ವಿಮಾ ಕಂಪನಿಯ ಮುಂದೆ ಹಾನಿ ಹೆಚ್ಚೆಂದು ವಾದಿಸಬೇಕಾದ ಮಾಲೀಕನೇ ನಗರಾಡಳಿತದ ಮುಂದೆ ಅದು ಕಡಿಮೆಯೆಂದು ವಾದಿಸುವ ವಿಪರ್ಯಾಸ ಏರ್ಪಟ್ಟಿತು. ನ್ಯೂ ಆರ್ಲಿಯನ್ಸ್‌ನಲ್ಲಿ ಅನೇಕರು ತಮ್ಮ ಮನೆಯ ಅಂಕಿಯನ್ನು ಶೇ. 50ಕ್ಕಿಂತ ಕೆಳಗಿಳಿಸಿಕೊಳ್ಳಲು ನಗರಸಭೆಯ ಕಚೇರಿಯಲ್ಲಿ ಸಾಲುಗಟ್ಟಿದರು.

ಲೂಯಿಸಿಯಾನ ರಾಜ್ಯದ ‘ರೋಡ್ ಹೋಮ್’ ಪರಿಹಾರ ಯೋಜನೆಯಲ್ಲಿಯೂ ಮಾರುಕಟ್ಟೆ ಬೆಲೆಯೇ ಅಳತೆಗೋಲಾಯಿತು. ಚಂಡಮಾರುತಕ್ಕೆ ಮುಂಚಿನ ಬೆಲೆ, ದುರಸ್ತಿಯ ವೆಚ್ಚ—ಇವೆರಡರಲ್ಲಿ ಕಡಿಮೆಯಾದುದನ್ನು ಆಧರಿಸಿ, 1,50,000 ಡಾಲರ್ ಮಿತಿಯೊಳಗೆ ಸಹಾಯಧನ ನಿರ್ಧಾರವಾಗುತ್ತಿತ್ತು. ಒಂದೇ ಅಳತೆಯ, ಒಂದೇ ಪ್ರಮಾಣದಲ್ಲಿ ಕೆಟ್ಟ ಎರಡು ಮನೆಗಳಲ್ಲಿ ಕಪ್ಪು ಜನರು ಹೆಚ್ಚಾಗಿ ವಾಸಿಸುವ ಬಡಾವಣೆಯ ಮನೆಗೆ, ಅಲ್ಲಿನ ಬೆಲೆ ಕಡಿಮೆಯಿದ್ದ ಕಾರಣ, ಕಡಿಮೆ ಹಣ ದೊರೆಯುತ್ತಿತ್ತು. ಈ ಸೂತ್ರವು ಜನಾಂಗೀಯ ತಾರತಮ್ಯವೆಂದು 2008ರಲ್ಲಿ ದಾವೆ ಹೂಡಲಾಯಿತು. 2011ರ ರಾಜಿಯಲ್ಲಿ ಸುಮಾರು 6.2 ಕೋಟಿ ಡಾಲರ್ ಹೆಚ್ಚುವರಿ ನೆರವಿಗೆ ಒಪ್ಪಿಗೆ ದೊರೆತಾಗ ಚಂಡಮಾರುತ ಕಳೆದು ಆರು ವರ್ಷಗಳಾಗುತ್ತ ಬಂದಿದ್ದವು. ಅಷ್ಟರಲ್ಲಿ ಅನೇಕ ಕುಟುಂಬಗಳು ಬೇರೆ ಊರುಗಳಲ್ಲಿ ನೆಲೆಸಿಯಾಗಿತ್ತು.