ದೊಡ್ಡಪತ್ರೆ: ಗುಣವೂ ಎಚ್ಚರಿಕೆಯೂ

ಗಾಜಿಪುರದ ನಮ್ಮ ಅನೇಕ ಮನೆಗಳ ಅಂಗಳದಲ್ಲಿ, ಕಲಬುರಗಿಯ ಬಿರುಬೇಸಗೆಯಲ್ಲಿಯೂ ತುಸು ನೆರಳು, ತುಸು ನೀರು ದೊರೆತರೆ ಬದುಕಿಕೊಳ್ಳುವ ದಪ್ಪೆಲೆಯ ಗಿಡವೊಂದುಂಟು. ಅದೇ ದೊಡ್ಡಪತ್ರೆ. ಪರಿಮಳದ ಹೋಲಿಕೆಯಿಂದ ಇದನ್ನು ಅಜವಾನದ ಎಲೆಯೆಂದೂ ಕರೆಯುವರು. ಆದರೆ ಅಜವಾನದ ಕಾಳು ಕೊಡುವ ಗಿಡವೇ ಬೇರೆ. ಇದು ತುಲಸಿಯ ಕುಟುಂಬಕ್ಕೆ ಸೇರಿದುದು.

ಇದರ ಎಲೆಯಲ್ಲಿ ಕಾರ್ವಕ್ರಾಲ್, ಥೈಮಾಲ್ ಎಂಬ ಸುಗಂಧದ್ರವ್ಯಗಳಿವೆ. ಇವು ಕೆಲವು ರೋಗಾಣುಗಳ ಬೆಳವಣಿಗೆಯನ್ನು ತಡೆಯುವುದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಆದರೆ ಗಾಜಿನ ನಳಿಗೆಯಲ್ಲಿ ಆದುದು ಮಗುವಿನ ಎದೆಯಲ್ಲಿಯೂ ಆಗುವುದೆಂದು ಹೇಳಲಾಗದು. ಆದುದರಿಂದ ದೊಡ್ಡವರು ತಂಬುಳಿ, ಬಜ್ಜಿ, ಕಷಾಯಗಳಲ್ಲಿ ಮಿತವಾಗಿ ಬಳಸಲಿ, ಗಂಟಲಿಗೆ ಹಿತವಾಗುವುದು. ರೋಗಕ್ಕೆ ಮದ್ದೆಂದು ಮಾತ್ರ ನಂಬಿ ಕೂಡಬಾರದು.

ನಮ್ಮ ಪೂರ್ವ ವಿದ್ಯಾರ್ಥಿನಿಯರು ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಶಾಲೆಗೆ ಬಂದಾಗ, "ಎಲೆಯನ್ನು ಬಾಡಿಸಿ ರಸ ಹಿಂಡಿ ಜೇನುತುಪ್ಪದಲ್ಲಿ ಕೊಡಬಹುದೇ?" ಎಂದು ಕೇಳುವುದುಂಟು. ಇದಕ್ಕೆ ನಾವು ಸ್ಪಷ್ಟವಾಗಿ ಉತ್ತರಿಸಬೇಕಾಗಿದೆ. ಆರು ತಿಂಗಳು ತುಂಬುವವರೆಗೆ ಶಿಶುವಿಗೆ ತಾಯಿಯ ಹಾಲೇ ಸಾಕು. ಮನೆಯ ಯಾವ ರಸವೂ ಬೇಡ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವನ್ನು ನಾಲಗೆಗೆ ನೆಕ್ಕಿಸಲೂ ಕೂಡದು. ಜೇನಿನಲ್ಲಿ ಬಾಟುಲಿಸಂ ಎಂಬ ರೋಗದ ಬೀಜಾಣುಗಳು ಇರಬಹುದು. ಎಳೆಯ ಕರುಳಿನಲ್ಲಿ ಅವು ಮೊಳೆತು ವಿಷವನ್ನುಂಟುಮಾಡುವುವು. ಮಲಬದ್ಧತೆ ತೋರಿ, ಅಳು ಕ್ಷೀಣಿಸಿ, ಹಾಲು ಚೀಪುವ ಶಕ್ತಿ ಕುಂದಿ, ಉಸಿರಿಗೂ ಅಪಾಯ ಬರುವುದು. ಶಿಶುಗಳ ಈ ರೋಗವನ್ನು ವೈದ್ಯರು ಮೊದಲು ಗುರುತಿಸಿದುದು 1976ರಲ್ಲಿ. ಮನೆಯಲ್ಲಿ ಕುದಿಸಿದ ಮಾತ್ರಕ್ಕೆ ಈ ಬೀಜಾಣುಗಳು ಸಾಯುವುದಿಲ್ಲ. ಅಂತೂ ನಮ್ಮ ಅಜ್ಜಿಯರು ಎಲೆಗೆ ಜೊತೆಮಾಡಿದ ಸಿಹಿಯೇ ಎಲೆಗಿಂತ ಹೆಚ್ಚಿನ ಎಚ್ಚರಿಕೆಯನ್ನು ಬೇಡುತ್ತದೆ.

ಇನ್ನೊಂದು ಅಪಾಯವು ವಿಳಂಬದ್ದು. ಕೆಮ್ಮುವ ಮಗು ಶಾಂತವಾಗಿರುವಾಗ ಗಡಿಯಾರವನ್ನು ನೋಡುತ್ತ ಪೂರ್ತಿ ಒಂದು ನಿಮಿಷ ಅದರ ಉಸಿರನ್ನು ಎಣಿಸಿರಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳೊಳಗಿನದಕ್ಕೆ 50, ಒಂದರಿಂದ ಐದು ವರ್ಷದೊಳಗಿನದಕ್ಕೆ 40, ಇಷ್ಟು ಅಥವಾ ಇದಕ್ಕೂ ಹೆಚ್ಚು ಇದ್ದರೆ ನ್ಯುಮೋನಿಯಾ ಇರಬಹುದು. ಉಸಿರೆಳೆಯುವಾಗ ಎದೆಯ ಕೆಳಭಾಗವು ಒಳಕ್ಕೆ ಸೆಳೆದರೆ, ಅಥವಾ ಮಗು ಹಾಲು ಕುಡಿಯದಿದ್ದರೆ, ಎಣಿಕೆಗೂ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಪ್ರಿಯ ಭಗಿನಿಯರೇ, ಅಂಗಳದ ಗಿಡವನ್ನು ಕಿತ್ತೊಗೆಯಬೇಡಿರಿ, ನೀರೆರೆದು ಬೆಳೆಸಿರಿ. ಆದರೆ ಕೂಸು ಕೆಮ್ಮಿದ ರಾತ್ರಿ ಎಲೆಯನ್ನು ಕೀಳುವುದಕ್ಕೆ ಮೊದಲು ಗಡಿಯಾರವನ್ನು ನೋಡಿರಿ. ಶಾಲೆಯಲ್ಲಿ ಕಲಿತ ಎಣಿಕೆಗೆ ಇದಕ್ಕಿಂತ ಉತ್ತಮವಾದ ಉಪಯೋಗವನ್ನು ನಾವು ಕಾಣೆವು.