ಗಾಳಿಯಂತ್ರದ ಹೊಸ ರೂಪಗಳು ಮತ್ತು ಬಾನ್ ನಗರದ ಲೆಕ್ಕ

ಮೂರು ರೆಕ್ಕೆಯ ಗಾಳಿಯಂತ್ರವನ್ನು ಮೀರಿಸುವ ವಿನ್ಯಾಸ ಸಾಧ್ಯವೇ ಎಂಬ ವಾದ ಇಂದಿನದಲ್ಲ. ಆ ವಾದದಲ್ಲಿ ರೈನ್ ದಂಡೆಯ ಬಾನ್ ನಗರಕ್ಕೊಂದು ವಿಶೇಷ ಸ್ಥಾನವಿದೆ. ಅಲ್ಲಿ ಗಾಳಿ ಜೋರಾಗಿ ಬೀಸುತ್ತದೆಂದಲ್ಲ, ಯಾವ ಯಂತ್ರಕ್ಕೆ ಹಣ ಸಲ್ಲಬೇಕೆಂಬುದನ್ನು ಜರ್ಮನಿ ಎರಡು ಬೇರೆ ಕಾಲಗಳಲ್ಲಿ, ಪರಸ್ಪರ ವಿರುದ್ಧವಾದ ಎರಡು ಕ್ರಮಗಳಲ್ಲಿ ಅಲ್ಲಿಂದಲೇ ತೀರ್ಮಾನಿಸಿತೆಂಬ ಕಾರಣಕ್ಕೆ.

ಮೊದಲನೆಯದು ಸರ್ಕಾರವೇ ವಿನ್ಯಾಸವನ್ನು ಆರಿಸುವ ಕ್ರಮ. ಬಾನ್ ಪಶ್ಚಿಮ ಜರ್ಮನಿಯ ರಾಜಧಾನಿಯಾಗಿದ್ದಾಗ, 1970ರ ದಶಕದ ತೈಲ ಬಿಕ್ಕಟ್ಟಿನ ಬೆನ್ನಿಗೇ, ಅಲ್ಲಿನ ಕೇಂದ್ರ ಸಂಶೋಧನಾ ಸಚಿವಾಲಯವು ಗ್ರೋವಿಯಾನ್ ಎಂಬ ದೈತ್ಯ ಯಂತ್ರಕ್ಕೆ ಹಣ ಒದಗಿಸಿತು. ಎರಡೇ ರೆಕ್ಕೆ, ಸುಮಾರು 100 ಮೀಟರ್ ವ್ಯಾಸ, 3 ಮೆಗಾವಾಟ್ ಸಾಮರ್ಥ್ಯ. ರೆಕ್ಕೆಗಳು ಗಾಳಿಗೆ ಎದುರಾಗಿ ಅಲ್ಲ, ಗೋಪುರದ ಹಿಂಬದಿಯಲ್ಲಿ ತಿರುಗುವಂತಿದ್ದವು. ಒಂದು ರೆಕ್ಕೆ ಕಡಿಮೆಯಾದರೆ ತೂಕವೂ ವೆಚ್ಚವೂ ಇಳಿಯುತ್ತವೆಂಬ ತರ್ಕ ಕಾಗದದ ಮೇಲೆ ಸರಿಯಾಗಿಯೇ ಇತ್ತು. ಆದರೆ ಹಿಂಬದಿಯ ರೆಕ್ಕೆ ಪ್ರತಿ ಸುತ್ತಿನಲ್ಲೂ ಗೋಪುರದ ಮರೆಯಲ್ಲಿನ ಮಂದಗಾಳಿಯನ್ನು ಹೊಕ್ಕು ಮತ್ತೆ ರಭಸದ ಗಾಳಿಗೆ ಒಡ್ಡಿಕೊಳ್ಳುವುದರಿಂದ ಲೋಹದ ಮೇಲಿನ ಒತ್ತಡ ಎಡೆಬಿಡದೆ ಏರಿಳಿಯುತ್ತದೆ. ಉತ್ತರ ಸಮುದ್ರ ತೀರದ ಕೈಸರ್-ವಿಲ್ಹೆಲ್ಮ್-ಕೋಗ್‌ನಲ್ಲಿ 1983ರಲ್ಲಿ ಚಾಲನೆಗೊಂಡ ಯಂತ್ರದ ರೆಕ್ಕೆಗಳನ್ನು ಹಿಡಿದಿದ್ದ ಕೇಂದ್ರಭಾಗದಲ್ಲೇ ಬಿರುಕುಗಳು ಕಾಣಿಸಿಕೊಂಡವು; 1987ರವರೆಗೆ ಅದು ಓಡಿದ್ದು ಒಟ್ಟು ಸುಮಾರು 420 ಗಂಟೆ. ಮರುವರ್ಷ ಅದನ್ನು ಕೆಡವಲಾಯಿತು. ಅಷ್ಟರಲ್ಲಿ ಅದೇ ಜಾಗದಲ್ಲಿ ಸಣ್ಣ ಯಂತ್ರಗಳ ಸಾಲೊಂದು ತಿರುಗತೊಡಗಿತ್ತು.

ಎರಡನೆಯ ಕ್ರಮ ಇದಕ್ಕೆ ತದ್ವಿರುದ್ಧ. 1990ರಲ್ಲಿ ಬಾನ್‌ನ ಸಂಸತ್ತು ಅಂಗೀಕರಿಸಿ 1991ರ ಜನವರಿಯಿಂದ ಜಾರಿಗೆ ಬಂದ ಕಾಯ್ದೆಯು, ಗಾಳಿಯಿಂದ ಬಂದ ಪ್ರತಿ ಯೂನಿಟ್ಟಿಗೆ ಗ್ರಾಹಕರ ಸರಾಸರಿ ದರದ ಶೇ 90ರಷ್ಟನ್ನು ವಿದ್ಯುತ್ ಕಂಪನಿಗಳು ಕೊಡಬೇಕೆಂದಿತು. ಯಂತ್ರದ ರೂಪ ಹೇಗಿರಬೇಕೆಂದು ಹೇಳಲಿಲ್ಲ. ಆ ಹಣದ ಬಲದಿಂದ ಬೆಳೆದದ್ದು ಮೂರು ರೆಕ್ಕೆಯ ಯಂತ್ರವೇ. ಅದು ನಿಂತಲ್ಲೇ ನಿಂತ ಯಂತ್ರವೂ ಅಲ್ಲ: ಎನರ್ಕಾನ್ ಕಂಪನಿ ಗೇರ್‌ಪೆಟ್ಟಿಗೆಯನ್ನೇ ಕಿತ್ತುಹಾಕಿದ್ದು 1990ರ ದಶಕದ ಆರಂಭದಲ್ಲಿ. ಹೊರಗಿನಿಂದ ನೋಡುವವರಿಗೆ ‘ಸಾಂಪ್ರದಾಯಿಕ’ವೆನಿಸುವ ಆಕಾರದೊಳಗೆ ಬದಲಾಗದ ಭಾಗಗಳು ಬಹಳ ಕಡಿಮೆ.

ಹೊಸ ವಿನ್ಯಾಸಗಳ ಪರವಾದ ಮಾತು ಸಾಮಾನ್ಯವಾಗಿ ದಕ್ಷತೆಯಿಂದ ಶುರುವಾಗುತ್ತದೆ, ಮುಗ್ಗರಿಸುವುದೂ ಅಲ್ಲಿಯೇ. ಗಾಳಿಯಲ್ಲಿರುವ ಶಕ್ತಿಯನ್ನೆಲ್ಲ ಹೀರಿದರೆ ಗಾಳಿ ಯಂತ್ರದ ಹಿಂದೆ ನಿಂತೇ ಹೋಗಿ ಮುಂದಿನ ಗಾಳಿಗೆ ದಾರಿಯಿರುವುದಿಲ್ಲ. ಆದ್ದರಿಂದ ತೆರೆದ ಚಕ್ರವೊಂದು ಹೆಚ್ಚೆಂದರೆ 27ರಲ್ಲಿ 16 ಪಾಲು, ಅಂದರೆ ಶೇ 59.3ರಷ್ಟನ್ನು ಮಾತ್ರ ಪಡೆಯಬಲ್ಲದೆಂದು ಗೊಟ್ಟಿಂಗೆನ್‌ನ ಆಲ್ಬರ್ಟ್ ಬೆಟ್ಸ್ ಒಂದು ಶತಮಾನದ ಹಿಂದೆಯೇ ತೋರಿಸಿದ್ದಾರೆ. ಇಂದಿನ ದೊಡ್ಡ ಯಂತ್ರಗಳು ಶೇ 45ರ ಆಸುಪಾಸಿನಲ್ಲಿರುವುದರಿಂದ ಆಕಾರ ಬದಲಿಸಿ ಗಳಿಸಲು ಉಳಿದಿರುವುದು ಅಲ್ಪವೇ. ಮನೆಯ ತಾರಸಿಗೆಂದು ಮಾರಾಟವಾಗುವ, 2 ಚದರ ಮೀಟರ್ ಗಾಳಿಯನ್ನು ಎದುರಿಸುವ ಯಂತ್ರವನ್ನೇ ತೆಗೆದುಕೊಂಡರೆ, ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಅದರ ಮೂಲಕ ಹಾಯುವ ಗಾಳಿಯ ಒಟ್ಟು ಶಕ್ತಿಯೇ ಸುಮಾರು 78 ವಾಟ್. ಬೆಟ್ಸ್ ಮಿತಿಯಂತೆ ಸಿಗಬಹುದಾದ ಗರಿಷ್ಠ 46 ವಾಟ್. ಹಳೆಯ ಮಾದರಿಯ ಒಂದು ಸೀಲಿಂಗ್ ಫ್ಯಾನಿಗೂ ಅದು ಸಾಲದು. ರೆಕ್ಕೆಯನ್ನು ಯಾವ ಚಂದಕ್ಕೆ ಬಾಗಿಸಿದರೂ ಈ ಲೆಕ್ಕ ಬದಲಾಗದು.

ಫ್ರಾನ್ಸಿನ ಜಾರ್ಜ್ ದಾರಿಯೂ 1920ರ ದಶಕದಲ್ಲಿ ರೂಪಿಸಿದ ಲಂಬಾಕ್ಷ ಯಂತ್ರಕ್ಕೆ, ಅಂದರೆ ನೆಟ್ಟಗೆ ನಿಂತ ಅಕ್ಷದ ಸುತ್ತ ತಿರುಗುವ ಯಂತ್ರಕ್ಕೆ, ನಿಜವಾದ ಅನುಕೂಲಗಳುಂಟು: ಗಾಳಿ ಯಾವ ದಿಕ್ಕಿನಿಂದ ಬಂದರೂ ಅದು ಮುಖ ತಿರುಗಿಸಬೇಕಿಲ್ಲ, ಜನರೇಟರ್ ನೆಲದ ಮೇಲಿದ್ದರೆ ದುರಸ್ತಿ ಸುಲಭ. ಆದರೆ ಅದರ ಪ್ರತಿ ರೆಕ್ಕೆಯೂ ಸುತ್ತಿಗೊಮ್ಮೆ ಗಾಳಿಗೆ ಎದುರಾಗಿಯೂ ಮತ್ತೊಮ್ಮೆ ಗಾಳಿಯ ಮರೆಯಲ್ಲಿಯೂ ಸಾಗುವುದರಿಂದ ಗ್ರೋವಿಯಾನ್‌ಗೆ ಎದುರಾದ ಏರಿಳಿತದ ಕಾಟ ಇಲ್ಲಿ ಹುಟ್ಟಿನಿಂದಲೇ ಬಂದದ್ದು. ಇಂಥ ಯಂತ್ರಗಳು ಹೆಚ್ಚಾಗಿ ಕಾಣುವುದು ಸಣ್ಣ ಗಾತ್ರದಲ್ಲಿ. 2001ರಲ್ಲಿ ಸ್ಥಾಪನೆಯಾಗಿ ಬಾನ್‌ನಲ್ಲಿ ನೆಲೆಸಿರುವ, ಭಾರತದ ಅನಿಲ್ ಕಾಣೆ ಅವರೂ ಅಧ್ಯಕ್ಷರಾಗಿದ್ದ ವಿಶ್ವ ಪವನಶಕ್ತಿ ಸಂಘವು ಸಣ್ಣ ಯಂತ್ರಗಳ ಪರ ಮಾತಾಡುತ್ತ ಬಂದಿದೆ. ತಂತಿ ತಲುಪದ ಊರಿನಲ್ಲಿ ಯಂತ್ರಕ್ಕೆ ಪೈಪೋಟಿ ಡೀಸೆಲ್ ಜನರೇಟರ್ ಮಾತ್ರವಾದ್ದರಿಂದ ಆ ವಾದದಲ್ಲಿ ಹುರುಳಿದೆ. ದೊಡ್ಡ ಗಾಳಿಯಂತ್ರಗಳೇ ಪೈಪೋಟಿಗಿರುವ ಗದಗದ ಕಪ್ಪತಗುಡ್ಡದಂಥ ಕಡೆ ಅದೇ ವಾದ ನಿಲ್ಲುವುದಿಲ್ಲ.

ಆಕಾರಕ್ಕಿಂತ ಎತ್ತರವನ್ನು ನೆಚ್ಚಿದವರ ಆಲೋಚನೆ ಹೆಚ್ಚು ಗಟ್ಟಿ, ಏಕೆಂದರೆ ಗಾಳಿಯ ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟಾಗುತ್ತದೆ. ಹಗ್ಗಕ್ಕೆ ಕಟ್ಟಿದ ಯಂತ್ರವನ್ನು ಗಾಳಿಪಟದಂತೆ ಹಾರಿಸಿ ವಿದ್ಯುತ್ ಪಡೆಯಲು ಹೊರಟ ಮಕಾನಿ ಯೋಜನೆಯನ್ನು ಗೂಗಲ್‌ನ ಮಾತೃಸಂಸ್ಥೆ 2020ರಲ್ಲಿ ಕೈಬಿಟ್ಟರೂ, ಹ್ಯಾಂಬರ್ಗ್‌ನ ಸ್ಕೈಸೇಲ್ಸ್ ಪ್ರಯತ್ನ ಬಿಟ್ಟಿಲ್ಲ. ಬ್ರಾಂಡೆನ್‌ಬರ್ಗ್‌ನ ಶಿಪ್ಕೌ ಬಳಿಯ ಯೋಜನೆಯಂತೂ 300 ಮೀಟರ್ ಎತ್ತರದ ಗೋಪುರದ ಮೇಲೆ ಮೂರು ರೆಕ್ಕೆಯ ಯಂತ್ರವನ್ನೇ ಕೂರಿಸುವಂಥದು.

ಎರಡನೆಯ ಕ್ರಮದ ಮುಂದುವರಿಕೆಯಾಗಿ ಇಂದು ನೆಲದ ಮೇಲಿನ ಪವನ ಯೋಜನೆಗಳ ಹರಾಜನ್ನು ನಡೆಸುವುದು ಬಾನ್‌ನ ಟುಲ್ಪೆನ್‌ಫೆಲ್ಡ್‌ನಲ್ಲಿರುವ ಕೇಂದ್ರ ಜಾಲ ನಿಯಂತ್ರಣ ಸಂಸ್ಥೆ. 2017ರಿಂದ ನಡೆಯುತ್ತಿರುವ ಈ ಹರಾಜಿನಲ್ಲಿ ಗೆಲುವು ಯೂನಿಟ್ ದರದ ಮೇಲೆ. ಸ್ಥಳಗಳ ನಡುವಿನ ತಾರತಮ್ಯ ಸರಿದೂಗಿಸಲು, 100 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 6.45 ಮೀಟರ್ ಗಾಳಿಯಿರುವ ಕಲ್ಪಿತ ಸ್ಥಳವೊಂದನ್ನು ಅಳತೆಗೋಲಾಗಿ ಇಟ್ಟುಕೊಂಡು, ಗಾಳಿ ಕಡಿಮೆಯಿರುವ ಕಡೆ ಪಾವತಿಯನ್ನು ಏರಿಸಲಾಗುತ್ತದೆ. ರೆಕ್ಕೆಗಳ ಎಣಿಕೆಯನ್ನು ಕೇಳದ ಈ ನಿಯಮ ಮೇಲ್ನೋಟಕ್ಕೆ ನಿಷ್ಪಕ್ಷಪಾತವಾದುದು. ಆದರೆ ಯಾವ ವೇಗಕ್ಕೆ ಎಷ್ಟು ವಿದ್ಯುತ್ ಬರುತ್ತದೆಂಬ ಖಚಿತ ದಾಖಲೆಯಿಲ್ಲದೆ ಆ ಕಲ್ಪಿತ ಸ್ಥಳದ ಉತ್ಪಾದನೆಯನ್ನು ನಂಬುವಂತೆ ಲೆಕ್ಕ ಹಾಕುವುದು ಕಷ್ಟ, ಸಾಲ ಕೊಡುವ ಬ್ಯಾಂಕುಗಳೂ ನೋಡುವುದು ಅದನ್ನೇ; ಆ ದಾಖಲೆಗೆ ಯಂತ್ರ ಮೊದಲು ವರ್ಷಗಟ್ಟಲೆ ಬಯಲಿನಲ್ಲಿ ಓಡಬೇಕು, ಹಾಗೆ ಓಡಿಸಲು ಬೇಕಾದ ಹಣವನ್ನು ಹರಾಜು ಕೊಡುವುದಿಲ್ಲ.